ಕಂಪನಿಯ ಯಜಮಾನ ಯಾರು?

ನಿವೃತ್ತ ಹೈಸ್ಕೂಲು ಮೇಷ್ಟರಾಗಿದ್ದ ನನ್ನ ತಾತನ ಹತ್ತಿರ ಒಂದು ಕಂಪನಿಯ ಐವತ್ತು ಷೇರುಗಳಿದ್ದವು. ವರ್ಷಕ್ಕೊಮ್ಮೆ ಅಂಚೆಯಲ್ಲಿ ದಪ್ಪ ಲಕೋಟೆ ಬರುತ್ತಿತ್ತು. ತಾತ ಕನ್ನಡಕ ಏರಿಸಿಕೊಂಡು, ಕೆಂಪು ಪೆನ್ಸಿಲ್ ಹಿಡಿದು, ಉತ್ತರಪತ್ರಿಕೆ ತಿದ್ದುವವರಂತೆ ಅದನ್ನು ಓದುತ್ತಿದ್ದರು. ಒಮ್ಮೆ ವಾರ್ಷಿಕ ಸಭೆಗೆ ಹಟ ಮಾಡಿ ನಾನೂ ಅವರ ಹಿಂದೆ ಹೋದೆ. ವೇದಿಕೆಯ ಮೇಲೆ ಸೂಟು ಧರಿಸಿದ ಹತ್ತು ಮಂದಿ, ಕೆಳಗೆ ಕುಳಿತವರಲ್ಲಿ ಬಹುಪಾಲು ತಾತನಂಥವರೇ. ಅಧ್ಯಕ್ಷರು ತಮ್ಮ ಭಾಷಣದಲ್ಲಿ ಎಲ್ಲರನ್ನೂ ‘ಈ ಕಂಪನಿಯ ಮಾಲೀಕರೇ’ ಎಂದು ಸಂಬೋಧಿಸಿದರು. ತಾತ ಎದ್ದು ನಿಂತು, ವರದಿಯ ಒಂದು ಪುಟ ತೋರಿಸಿ, ‘ನಮ್ಮ ಕಂಪನಿ ಸಾಲ ಕೊಟ್ಟಿರುವ ಈ ಇನ್ನೊಂದು ಕಂಪನಿ ಯಾರದು?’ ಎಂದು ಕೇಳಿದರು. ‘ಬರೆದು ಕೊಡಿ, ಉತ್ತರ ಕಳಿಸುತ್ತೇವೆ’ ಎಂಬ ಮಾತು ಬಂತು. ಹೊರಡುವಾಗ ಎಲ್ಲರಿಗೂ ಒಂದೊಂದು ತಿಂಡಿ ಪೊಟ್ಟಣ. ಬಸ್ಸಿನಲ್ಲಿ ತಾತ ನಕ್ಕರು: ‘ನಾನು ಮಾಲೀಕನಂತೆ ಕಣೋ. ಮಾಲೀಕನಿಗೆ ಖಾರಾಬೂಂದಿ ಕೊಟ್ಟು ಕಳಿಸಿದರು.’

ಉತ್ತರ ಬರಲೇ ಇಲ್ಲ. ಆದರೆ ತಾತನ ಪ್ರಶ್ನೆ ಅವರೊಬ್ಬರದಲ್ಲ. ದುಡ್ಡು ಹಾಕಿದವನು ಒಬ್ಬ, ಲಗಾಮು ಹಿಡಿದವನು ಇನ್ನೊಬ್ಬ. ಇವರಿಬ್ಬರ ನಡುವಿನ ಅಂತರವನ್ನು ಕಾಯುವವರು ಯಾರು? ಈ ಪ್ರಶ್ನೆಗೆ ನಾಲ್ಕು ಶತಮಾನಗಳ ವಯಸ್ಸು. ಕಾನೂನು ಪಂಡಿತರೂ ಅರ್ಥಶಾಸ್ತ್ರಜ್ಞರೂ ಇದರ ಬೆನ್ನು ಹತ್ತಿ ನೂರು ವರ್ಷಗಳಾಗುತ್ತ ಬಂದವು.

‘ನಾನು ಷೇರು ಕೊಂಡವನೇ ಅಲ್ಲ, ನನಗೇಕೆ ಈ ಉಸಾಬರಿ?’ ಎಂದು ಓದುಗರು ಕೇಳಬಹುದು. 2015ರ ಆಗಸ್ಟ್‌ನಿಂದ ನೌಕರರ ಭವಿಷ್ಯನಿಧಿಗೆ ಹೊಸದಾಗಿ ಸೇರುವ ಹಣದ ಒಂದು ಪಾಲು ಷೇರುಪೇಟೆಗೆ ಹೋಗುತ್ತಿದೆ. ಜೀವವಿಮೆಯ ಕಂತಿನ ಒಂದಂಶವೂ ಅಲ್ಲಿಗೆ ಹೋಗುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳೂ ತನಗೆ ತಿಳಿಯದಂತೆ ಇಂದು ಹತ್ತಾರು ಕಂಪನಿಗಳ ಪುಟ್ಟ ಮಾಲೀಕಳು.

ಮನೆಗೆಲಸದವಳ ನೂರು ಗಿಲ್ಡರ್

ಕಥೆ ಆರಂಭವಾಗುವುದು ಹಾಲೆಂಡಿನಲ್ಲಿ. 1602ರಲ್ಲಿ ಅಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಮೆಣಸು, ಲವಂಗ, ಜಾಯಿಕಾಯಿಗಾಗಿ ಪೂರ್ವ ದೇಶಗಳಿಗೆ ಹಡಗು ಕಳಿಸುವುದು ಭಾರೀ ಖರ್ಚಿನ ಕೆಲಸ. ಆದ್ದರಿಂದ ನಾಡಿನ ಯಾರು ಬೇಕಾದರೂ ಬಂಡವಾಳ ಹೂಡಬಹುದು ಎಂದು ಸಾರಲಾಯಿತು. ಆಮ್‌ಸ್ಟರ್‌ಡಾಮಿನಲ್ಲಿ ಕಂಪನಿಯ ನಿರ್ದೇಶಕರೊಬ್ಬರ ಮನೆಯಲ್ಲೇ ಖಾತೆ ಪುಸ್ತಕ ತೆರೆದಿಟ್ಟರು. ಸಾವಿರಕ್ಕೂ ಹೆಚ್ಚು ಜನ ಬಂದು ಹೆಸರು ಬರೆಸಿದರು. ಕೊನೆಕೊನೆಗೆ ಬರೆಸಿದವರಲ್ಲಿ ಅದೇ ಮನೆಯ ಕೆಲಸದಾಕೆಯೂ ಇದ್ದಳು. ಅವಳು ಹೂಡಿದ್ದು ನೂರು ಗಿಲ್ಡರ್.

ಹೀಗೆ ಮನೆಗೆಲಸದವಳೂ ಅವಳ ಧಣಿಯೂ ಒಂದೇ ಕಂಪನಿಯ ಪಾಲುದಾರರಾದರು. ಆದರೆ ಸಮಾನರಾದರೇ? ಇಲ್ಲ. ಹಡಗು ಎಲ್ಲಿಗೆ ಹೋಗಬೇಕು, ಸರಕನ್ನು ಯಾರಿಗೆ ಮಾರಬೇಕು, ಲಾಭ ಯಾವಾಗ ಹಂಚಬೇಕು ಎಂಬುದೆಲ್ಲ ನಿರ್ದೇಶಕರ ಕೈಯಲ್ಲಿತ್ತು. ಮೊದಲ ಲಾಭಾಂಶಕ್ಕಾಗಿ ಜನ 1610ರವರೆಗೆ ಕಾಯಬೇಕಾಯಿತು. ಅದೂ ಬಂದದ್ದು ಬಹುಪಾಲು ಮಸಾಲೆ ಪದಾರ್ಥದ ರೂಪದಲ್ಲಿ! ಹತ್ತು ವರ್ಷಕ್ಕೆ ಲೆಕ್ಕ ಒಪ್ಪಿಸಬೇಕೆಂದು ಸನ್ನದಿನಲ್ಲೇ ಬರೆದಿತ್ತು. ಆ ಗಡುವು ಬಂದಾಗ ಸರ್ಕಾರವೇ ಕಂಪನಿಗೆ ವಿನಾಯಿತಿ ಕೊಟ್ಟಿತು.

ಇದನ್ನು ಮೊದಲು ಪ್ರಶ್ನಿಸಿದವನು ಐಸಾಕ್ ಲ ಮೇರ್. ಹಿಂದೆ ತಾನೇ ನಿರ್ದೇಶಕನಾಗಿದ್ದು ಜಗಳವಾಡಿ ಹೊರಬಂದವನು. ನಿರ್ದೇಶಕರು ಷೇರುದಾರರ ಹಿತ ಕಾಯುತ್ತಿಲ್ಲವೆಂದು 1609ರ ಜನವರಿಯಲ್ಲಿ ಆತ ಸರ್ಕಾರಕ್ಕೆ ದೂರು ಬರೆದ. ಷೇರುದಾರನ ಹಕ್ಕಿನ ಇತಿಹಾಸ ಬರೆಯುವವರೆಲ್ಲ ಈ ಪತ್ರದಿಂದಲೇ ಆರಂಭಿಸುವುದು ವಾಡಿಕೆ. ಆತನೇನೂ ಸಂತನಲ್ಲ. ಅದೇ ಹೊತ್ತಿಗೆ ಕೈಯಲ್ಲಿಲ್ಲದ ಷೇರುಗಳನ್ನು ಮಾರಿ, ಬೆಲೆ ಇಳಿಸಿ ಲಾಭ ಮಾಡಲು ಹವಣಿಸುತ್ತಿದ್ದ. 1610ರಲ್ಲಿ ಅಂಥ ಮಾರಾಟವನ್ನು ಸರ್ಕಾರ ನಿಷೇಧಿಸಿತು. ಷೇರುದಾರರಿಗೆ ಲೆಕ್ಕ ತೋರಿಸದ ಕಂಪನಿಗೆ ವಿನಾಯಿತಿ ಸಿಕ್ಕಿತು, ದೂರು ಕೊಟ್ಟವನಿಗೆ ಕಡಿವಾಣ ಬಿತ್ತು!

ಬ್ರಿಟನ್ನಿನ ಆಡಮ್ ಸ್ಮಿತ್ 1776ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಮಾತನ್ನು ಎತ್ತಿದ. ಬೇರೆಯವರ ದುಡ್ಡನ್ನು ನೋಡಿಕೊಳ್ಳುವವರು ತಮ್ಮದೇ ದುಡ್ಡಿನಷ್ಟು ಜತನದಿಂದ ಅದನ್ನು ಕಾಯುವುದಿಲ್ಲ, ಅಲಕ್ಷ್ಯವೂ ದುಂದುಗಾರಿಕೆಯೂ ನುಸುಳಿಯೇ ನುಸುಳುತ್ತವೆ ಎಂಬುದು ಆತನ ವಾದದ ತಿರುಳು. ‘ಊರ ದನ ಕಾಯುವವನಿಗೆ ಯಾವ ಕರುವೂ ತನ್ನದಲ್ಲ’ ಎಂದು ನಮ್ಮ ಹಳ್ಳಿಯವರು ಹೇಳಿದರೂ ಅರ್ಥ ಅದೇ.

ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ಮನುಷ್ಯ

ಇಲ್ಲಿ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಷೇರು ಕೊಂಡವನು ಕಂಪನಿಯ ಮಾಲೀಕ ಎಂದು ಎಲ್ಲರೂ ಹೇಳುತ್ತಾರೆ. ಕಾನೂನು ಹೇಳುವುದು ಸ್ವಲ್ಪ ಬೇರೆ. ಲಂಡನ್ನಿನಲ್ಲಿ ಆರನ್ ಸಾಲೊಮನ್ ಎಂಬ ಬೂಟು ತಯಾರಕನಿದ್ದ. ತನ್ನ ವ್ಯಾಪಾರವನ್ನು ಕಂಪನಿಯಾಗಿ ಪರಿವರ್ತಿಸಿದ. ಒಟ್ಟು 20,007 ಷೇರುಗಳಲ್ಲಿ 20,001 ಅವನವೇ; ಉಳಿದ ಆರು ಹೆಂಡತಿ ಮತ್ತು ಐವರು ಮಕ್ಕಳವು. ಕಂಪನಿ ಮುಳುಗಿತು. ಸಾಲಿಗರು ‘ಕಂಪನಿ ಎಂದರೆ ಅವನೇ, ಅವನಿಂದಲೇ ವಸೂಲಿ ಮಾಡಿಸಿ’ ಎಂದರು. 1896ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ಒಪ್ಪಲಿಲ್ಲ. ಕಂಪನಿ ಬೇರೆ, ಸಾಲೊಮನ್ ಬೇರೆ. ಕಂಪನಿಯ ಸಾಲ ಅವನ ಸಾಲವಲ್ಲ ಎಂದಿತು. ಭಾರತದ ನ್ಯಾಯಾಲಯಗಳೂ ಈ ತೀರ್ಪನ್ನು ಒಪ್ಪಿ ನಡೆದಿವೆ.

ಇದರ ಅರ್ಥವೇನು? ಕಾರ್ಖಾನೆ, ಯಂತ್ರ, ಬ್ಯಾಂಕಿನಲ್ಲಿರುವ ಹಣ ಇವೆಲ್ಲ ಕಂಪನಿ ಎಂಬ ಕಾನೂನಿನ ವ್ಯಕ್ತಿಗೆ ಸೇರಿದ್ದು. ಷೇರುದಾರನಿಗೆ ಸೇರಿದ್ದು ಷೇರು ಮಾತ್ರ. ಅದರ ಜೊತೆಗೆ ಓಟು ಹಾಕುವ, ಘೋಷಿಸಿದರೆ ಲಾಭಾಂಶ ಪಡೆಯುವ, ಲೆಕ್ಕ ನೋಡುವ ಹಕ್ಕುಗಳು. ಆದರೆ ಈ ಕಾನೂನಿನ ವ್ಯಕ್ತಿಗೆ ಕೈಕಾಲಿಲ್ಲ, ಬಾಯಿಯಿಲ್ಲ. ಅದರ ಪರವಾಗಿ ಸಹಿ ಹಾಕುವ ಕೈ ಬೇಕು. ಆ ಕೈ ಯಾರದು ಎನ್ನುವಲ್ಲಿಗೆ ನಮ್ಮ ಮೂಲ ಪ್ರಶ್ನೆ ಮರಳಿ ಬರುತ್ತದೆ.

ಅಮೆರಿಕದಲ್ಲಿ ಲೆಕ್ಕ ಹಾಕಿದ ಇಬ್ಬರು

ಅಲ್ಲಿಯವರೆಗೆ ಅಭಿಪ್ರಾಯವಾಗಿದ್ದುದನ್ನು ಅಂಕಿ ಅಂಶಗಳಿಂದ ತೋರಿಸಿದವರು ಅಮೆರಿಕದ ಇಬ್ಬರು ವಿದ್ವಾಂಸರು. ಅಡಾಲ್ಫ್ ಬರ್ಲೆ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ. ಗಾರ್ಡಿನರ್ ಮೀನ್ಸ್ ಅರ್ಥಶಾಸ್ತ್ರಜ್ಞ. ಅಮೆರಿಕದ 200 ಅತಿ ದೊಡ್ಡ ಕಂಪನಿಗಳನ್ನು ಆಯ್ದುಕೊಂಡು, ಒಂದೊಂದರಲ್ಲೂ ನಿಜವಾದ ಹಿಡಿತ ಯಾರದೆಂದು ಹುಡುಕಿದರು. 1932ರಲ್ಲಿ ಅವರ ಪುಸ್ತಕ ಹೊರಬಂತು. ಸಂಖ್ಯೆಯಲ್ಲಿ ಶೇ. 44ರಷ್ಟು, ಸಂಪತ್ತಿನಲ್ಲಿ ಶೇ. 58ರಷ್ಟು ಕಂಪನಿಗಳನ್ನು ಆಳುತ್ತಿದ್ದವರು ಹೆಚ್ಚು ಷೇರು ಹೊಂದಿದವರಲ್ಲ, ಸಂಬಳದ ಆಡಳಿತಗಾರರು! ದೂರವಾಣಿ ಕಂಪನಿ ಎಟಿ ಅಂಡ್ ಟಿಯಲ್ಲಿ ಲಕ್ಷಗಟ್ಟಲೆ ಷೇರುದಾರರಿದ್ದರೂ ಶೇ. 1ರಷ್ಟು ಪಾಲು ಯಾರೊಬ್ಬರ ಬಳಿಯೂ ಇರಲಿಲ್ಲ.

ಮಾಲೀಕರು ಲಕ್ಷವಾದಾಗ ಮಾಲೀಕತ್ವ ಕರಗಿಹೋಗುತ್ತದೆ. ನೂರು ಷೇರು ಇರುವವನು ಆಡಳಿತವನ್ನು ಪ್ರಶ್ನಿಸಲು ವಕೀಲರನ್ನಿಟ್ಟರೆ ಖರ್ಚು ಪೂರ್ತಿ ಅವನದು, ಗೆದ್ದರೆ ಬರುವ ಲಾಭ ಎಲ್ಲರದು. ಹಾಗಾಗಿ ಯಾರೂ ಮುಂದೆ ಬರುವುದಿಲ್ಲ. ಹತ್ತು ಮಂದಿ ಅಳಿಯಂದಿರಿರುವ ಮನೆಯಲ್ಲಿ ಮಾವನ ಗದ್ದೆಗೆ ನೀರು ಹಾಯಿಸುವವರಿಲ್ಲ ಎಂಬಂತೆ.

ಪುಸ್ತಕ ಬಂದ ಕಾಲವೂ ಅಂಥದ್ದು. 1929ರಲ್ಲಿ ಷೇರುಪೇಟೆ ಕುಸಿದು ಅಮೆರಿಕ ಮಹಾಮುಗ್ಗಟ್ಟಿನಲ್ಲಿತ್ತು. ಬರ್ಲೆ ಮುಂದೆ ಅಧ್ಯಕ್ಷರಾದ ರೂಸ್‌ವೆಲ್ಟರ ಸಲಹೆಗಾರರ ಬಳಗದಲ್ಲಿದ್ದರು. 1933 ಮತ್ತು 1934ರಲ್ಲಿ ಷೇರು ವ್ಯವಹಾರದ ಎರಡು ಕಾನೂನುಗಳು ಬಂದವು. ಕಾವಲಿಗೆ ಪ್ರತ್ಯೇಕ ಆಯೋಗವೇ ರಚನೆಯಾಯಿತು. ಕಂಪನಿ ತನ್ನ ನಿಜಸ್ಥಿತಿಯನ್ನು ಜನರೆದುರು ಬಿಚ್ಚಿಡಲೇಬೇಕು ಎಂಬ ತತ್ವ ಗಟ್ಟಿಯಾಗಿ ನೆಲೆಯೂರಿದ್ದು ಆಗ.

ಅದೇ ಸಮಯದಲ್ಲಿ ಬರ್ಲೆಗೂ ಹಾರ್ವರ್ಡ್‌ನ ಪ್ರಾಧ್ಯಾಪಕ ಮೆರಿಕ್ ಡಾಡ್‌ಗೂ ಒಂದು ವಾಗ್ವಾದ ನಡೆಯಿತು. ಆಡಳಿತಗಾರರು ಯಾರ ಹಿತಕ್ಕಾಗಿ ದುಡಿಯಬೇಕು? ಷೇರುದಾರರಿಗಾಗಿ ಮಾತ್ರ ಎಂದರು ಬರ್ಲೆ. ಕಾರ್ಮಿಕರು, ಗ್ರಾಹಕರು, ಸಮಾಜ ಎಲ್ಲರಿಗಾಗಿ ಎಂದರು ಡಾಡ್. ಎರಡು ದಶಕಗಳ ನಂತರ, 1954ರಲ್ಲಿ, ಜಗತ್ತು ಡಾಡ್ ಅವರ ಕಡೆಗೇ ವಾಲಿತೆಂದು ಬರ್ಲೆ ಒಪ್ಪಿಕೊಂಡರು. ಈ ವಾದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಅದು ಮುಂದೆ ನಮ್ಮ ದೇಶದ ಕಾನೂನಿನಲ್ಲೇ ಎದುರಾಗಲಿದೆ.

1976ರಲ್ಲಿ ಮೈಕೆಲ್ ಜೆನ್ಸನ್ ಮತ್ತು ವಿಲಿಯಂ ಮೆಕ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು ಈ ಸಮಸ್ಯೆಗೆ ಲೆಕ್ಕದ ರೂಪ ಕೊಟ್ಟರು. ಅದನ್ನು ನಮ್ಮ ರೀತಿಯಲ್ಲಿ ಹೇಳುವುದಾದರೆ ಹೀಗೆ: ಇಡೀ ಕಂಪನಿ ತನ್ನದೇ ಆಗಿರುವವನು ಕಂಪನಿ ಹಣದಲ್ಲಿ ಹತ್ತು ಲಕ್ಷದ ಕಾರು ಕೊಂಡರೆ ಹತ್ತೂ ಲಕ್ಷ ಅವನ ಜೇಬಿನದೇ. ಅವನ ಪಾಲು ಹತ್ತನೇ ಒಂದಾದರೆ ಅವನಿಗೆ ತಗಲುವುದು ಒಂದೇ ಲಕ್ಷ. ಕಾರಿನ ಸುಖ ಮಾತ್ರ ಪೂರ್ತಿ. ಪಾಲು ಇಳಿದಷ್ಟೂ ದುಂದಿನ ಆಸೆ ಏರುತ್ತದೆ.

ಬೆಂಗಳೂರಿನ ಬಿನ್ನಿ ಮಿಲ್ಲು

ನಮ್ಮ ದೇಶದಲ್ಲಿ ಈ ಅಂತರಕ್ಕೆ ಬೇರೆಯದೇ ಮುಖ. ಬ್ರಿಟಿಷರ ಕಾಲದಲ್ಲಿ ಇಲ್ಲಿ ‘ಮ್ಯಾನೇಜಿಂಗ್ ಏಜೆನ್ಸಿ’ ಪದ್ಧತಿ ಬೆಳೆಯಿತು. ಒಂದು ಏಜೆನ್ಸಿ ಸಂಸ್ಥೆ ಕರಾರಿನ ಮೂಲಕ ಹತ್ತಾರು ಕಂಪನಿಗಳನ್ನು ನಡೆಸುತ್ತಿತ್ತು: ಒಂದು ಸೆಣಬಿನ ಗಿರಣಿ, ಇನ್ನೊಂದು ಚಹಾ ತೋಟ, ಮತ್ತೊಂದು ಕಲ್ಲಿದ್ದಲು ಗಣಿ. ಏಜೆಂಟರ ಸ್ವಂತ ಬಂಡವಾಳ ಅಲ್ಪವೇ ಇದ್ದರೂ ಹಿಡಿತ ಪೂರ್ತಿ. ಎಷ್ಟೋ ಕಡೆ ಅವರ ಕಮಿಷನ್ ಲಾಭದ ಮೇಲಲ್ಲ, ಮಾರಾಟದ ಮೇಲೆ. ಕಂಪನಿಗೆ ನಷ್ಟವಾದರೂ ಏಜೆಂಟರಿಗೆ ನಷ್ಟವಿಲ್ಲ.

ಬೆಂಗಳೂರಿನ ಹಳಬರಿಗೆ ಇದರ ಗುರುತು ಹೇಳುವುದು ಸುಲಭ. ‘ಬಿನ್ನಿ ಮಿಲ್’ ಯಾರಿಗೆ ಗೊತ್ತಿಲ್ಲ? ಆದರೆ ಬಹುಕಾಲ ಆ ಗಿರಣಿಯ ಕಂಪನಿಯ ಹೆಸರು ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್. ಮದರಾಸಿನ ಬಿನ್ನಿ ಸಂಸ್ಥೆ ಅದರ ಮ್ಯಾನೇಜಿಂಗ್ ಏಜೆಂಟ್. ಊರಿನ ಬಾಯಲ್ಲಿ ಉಳಿದದ್ದು ನಡೆಸಿದವರ ಹೆಸರೇ ಹೊರತು ಕಂಪನಿಯದಲ್ಲ. ಯಜಮಾನ ಯಾರೆಂಬುದನ್ನು ಜನ ಸರಿಯಾಗಿಯೇ ಗುರುತಿಸಿದ್ದರು!

ಸ್ವಾತಂತ್ರ್ಯಾನಂತರ ಬಂದ 1956ರ ಕಂಪನಿ ಕಾಯ್ದೆ ಏಜೆಂಟರನ್ನು ಬಿಗಿಮಾಡಿತು. 1970ರ ಏಪ್ರಿಲ್‌ನಲ್ಲಿ ಪದ್ಧತಿಯೇ ರದ್ದಾಯಿತು. ಇದಕ್ಕೆ ಮುನ್ನ 1966ರಲ್ಲಿ ಆರ್.ಕೆ. ಹಜಾರಿ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ಖಾಸಗಿ ಉದ್ಯಮದ ರಚನೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ್ದರು. ಒಂದು ಕಂಪನಿ ಇನ್ನೊಂದರಲ್ಲಿ, ಅದು ಮತ್ತೊಂದರಲ್ಲಿ ಹಣ ಹೂಡಿರುವ ಜಾಡು ಹಿಡಿದು ಹೋಗಿ, ಕಂಪನಿಗಳ ಗುಂಪುಗಳನ್ನು ಕೆಲವೇ ಮನೆತನಗಳು ಹೇಗೆ ಹಿಡಿದಿಟ್ಟಿವೆ ಎಂಬುದನ್ನು ಅವರು ಬಿಡಿಸಿ ತೋರಿಸಿದರು. ಏಜೆನ್ಸಿ ಹೋಯಿತು, ಮನೆತನಗಳ ಹಿಡಿತ ಉಳಿಯಿತು.

ಇದು ನಮ್ಮ ದೇಶದ ವಿಶೇಷವೇನೂ ಅಲ್ಲವೆಂದು ಗೊತ್ತಾದದ್ದು 1990ರ ದಶಕದ ಕೊನೆಯಲ್ಲಿ. ಲಾ ಪೋರ್ಟಾ ಮತ್ತು ಸಂಗಡಿಗರು 1999ರಲ್ಲಿ 27 ಶ್ರೀಮಂತ ದೇಶಗಳ ದೊಡ್ಡ ಕಂಪನಿಗಳ ಒಡೆತನವನ್ನು ಪರಿಶೀಲಿಸಿದ ಪ್ರಬಂಧ ಪ್ರಕಟಿಸಿದರು. ಬರ್ಲೆ ಮತ್ತು ಮೀನ್ಸ್ ವರ್ಣಿಸಿದ, ಚದುರಿದ ಷೇರುದಾರರ ಕಂಪನಿ ಎಲ್ಲೆಡೆ ಇರುವ ಮಾದರಿಯಲ್ಲ. ಬಹಳಷ್ಟು ದೇಶಗಳಲ್ಲಿ ಹಿಡಿತವಿರುವುದು ಕುಟುಂಬದ ಇಲ್ಲವೇ ಸರ್ಕಾರದ ಕೈಯಲ್ಲಿ ಎಂದು ಅದು ತೋರಿಸಿತು. ಅಮೆರಿಕದಲ್ಲಿ ಭಯ ಸಂಬಳದ ಆಡಳಿತಗಾರನದಾದರೆ, ನಮ್ಮಂಥ ಕಡೆ ಭಯ ದೊಡ್ಡ ಪಾಲುದಾರನದು.

ಒಳಗಿನಿಂದ ಹಾಕುವ ಕನ್ನ

ದೊಡ್ಡ ಪಾಲುದಾರ ತನ್ನದೇ ಕಂಪನಿಯನ್ನೇಕೆ ಕೊರೆಯುತ್ತಾನೆ? ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಮನೆತನಕ್ಕೆ ‘ಅ’ ಕಂಪನಿಯಲ್ಲಿ ಶೇ. 51 ಪಾಲಿದೆ. ‘ಅ’ಗೆ ‘ಆ’ದಲ್ಲಿ ಶೇ. 51. ‘ಆ’ಗೆ ‘ಇ’ಯಲ್ಲಿ ಶೇ. 51. ಮೂರರಲ್ಲೂ ಮನೆತನದ ಮಾತೇ ನಡೆಯುತ್ತದೆ. ಆದರೆ ‘ಇ’ಯಲ್ಲಿ ಅದರ ನಿಜವಾದ ಪಾಲು ಸುಮಾರು ಶೇ. 13 ಮಾತ್ರ. ಈಗ ‘ಇ’ಯಿಂದ ನೂರು ರೂಪಾಯಿಯನ್ನು ಏನೋ ನೆಪದಲ್ಲಿ ‘ಅ’ಗೆ ಸಾಗಿಸಿದರೆ ಮನೆತನ ಕಳೆದುಕೊಳ್ಳುವುದು 13 ರೂಪಾಯಿ, ಗಳಿಸುವುದು 51. ಉಳಿದದ್ದು ಹೋಗುವುದು ಸಣ್ಣ ಷೇರುದಾರರ ಜೇಬಿನಿಂದ. ವಿದ್ವಾಂಸರು ಇದನ್ನು ಸುರಂಗ ಕೊರೆಯುವುದು ಎನ್ನುತ್ತಾರೆ. ನಾವು ಕನ್ನ ಎನ್ನಬಹುದು. ಆದರೆ ಈ ಕನ್ನ ಹೊರಗಿನ ಗೋಡೆಗಲ್ಲ, ಒಳಕೋಣೆಯಿಂದ ಒಳಕೋಣೆಗೆ.

ಕತ್ತಲಲ್ಲಿ ಹಾಕಿದ ಕನ್ನವನ್ನು ಅಳೆಯುವುದು ಹೇಗೆ? ಮರಿಯಾನ್ ಬರ್ಟ್ರಾಂಡ್, ಪರಸ್ ಮೆಹ್ತಾ, ಸೆಂಧಿಲ್ ಮುಲೈನಾಥನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2002ರಲ್ಲಿ ಭಾರತದ ಕಂಪನಿಗಳ ಲೆಕ್ಕಪತ್ರಗಳ ಮೇಲೆಯೇ ಒಂದು ಜಾಣ ಪರೀಕ್ಷೆ ನಡೆಸಿದರು. ನಮ್ಮ ಗದ್ದೆಯ ಭಾಷೆಯಲ್ಲಿ ಹೇಳಬಹುದಾದರೆ: ಒಂದು ಹೊಲದ ಮೇಲೆ ಒಳ್ಳೆಯ ಮಳೆ ಬಿದ್ದರೆ ಅದೇ ಹೊಲದ ಬಾವಿಯಲ್ಲಿ ನೀರೇರಬೇಕು. ಅಲ್ಲಿ ಏರದೆ ಧಣಿಯ ಮನೆಯ ಹಿತ್ತಲ ಬಾವಿಯಲ್ಲಿ ಏರಿದರೆ, ನೆಲದಡಿಯಲ್ಲಿ ಕಾಲುವೆ ಇದೆ ಎಂದೇ ಅರ್ಥ. ಹಾಗೆಯೇ ಒಂದು ಉದ್ಯಮಕ್ಕೆ ಒಳ್ಳೆಯ ಕಾಲ ಬಂದಾಗ, ಒಡೆಯರ ಪಾಲು ಕಡಿಮೆಯಿರುವ ಕಂಪನಿಯ ಲಾಭ ನಿರೀಕ್ಷೆಯಷ್ಟು ಏರುತ್ತಿರಲಿಲ್ಲ. ಅದೇ ಗುಂಪಿನಲ್ಲಿ ಒಡೆಯರ ಪಾಲು ಹೆಚ್ಚಿರುವ ಕಂಪನಿಗೆ ಅದರ ಫಲ ಕಾಣುತ್ತಿತ್ತು. ಸೋರಿಕೆ ಮುಖ್ಯವಾಗಿ ಇದ್ದದ್ದು ಉತ್ಪಾದನೆ, ಮಾರಾಟದ ಸಾಲುಗಳಲ್ಲಲ್ಲ. ಮುಖ್ಯ ವ್ಯವಹಾರದ ಆಚೆಗಿನ ಇತರೆ ಆದಾಯ, ಇತರೆ ವೆಚ್ಚದ ಸಾಲುಗಳಲ್ಲಿ. ಹತ್ತು ವರ್ಷದ ನಂತರ ಬೇರೆ ಇಬ್ಬರು ಸಂಶೋಧಕರು ಇದನ್ನು ಮರುಪರೀಕ್ಷಿಸಿ, ಗುಂಪಿನ ಕಂಪನಿಗಳ ವ್ಯಾಪಾರ ವಿಧಾನವೇ ಬೇರೆ, ಆ ವ್ಯತ್ಯಾಸ ಕಳೆದರೆ ಕನ್ನಕ್ಕೆ ಬಲವಾದ ಪುರಾವೆ ಉಳಿಯದು ಎಂದು ವಾದಿಸಿದರು. ವಿದ್ವತ್ ಲೋಕದ ನಡೆಯೇ ಹಾಗೆ, ತೀರ್ಪಿನ ಮೇಲೆ ಮೇಲ್ಮನವಿ ಇದ್ದೇ ಇರುತ್ತದೆ. ಆದರೆ ಎಲ್ಲಿ ಹುಡುಕಬೇಕು ಎಂಬುದು ಮಾತ್ರ ಅಂದಿನಿಂದ ಎಲ್ಲರಿಗೂ ತಿಳಿಯಿತು.

ಬೇಲಿ ಮತ್ತು ಹೊಲ

2008ರ ಡಿಸೆಂಬರ್ 16. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ನಿರ್ದೇಶಕ ಮಂಡಳಿ, ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬಕ್ಕೆ ಸೇರಿದ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಆ ಕಂಪನಿಗಳ ಹೆಸರು ಮೇಟಾಸ್. ಇಂಗ್ಲಿಷಿನಲ್ಲಿ ಸತ್ಯಂ ಎಂದು ಬರೆದು ಹಿಂದಿನಿಂದ ಓದಿದರೆ ಬರುವ ಹೆಸರು! ಆ ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರಿದ್ದರು, ಬಿಸಿನೆಸ್ ಸ್ಕೂಲಿನ ಡೀನ್ ಇದ್ದರು, ನಿವೃತ್ತ ಸಂಪುಟ ಕಾರ್ಯದರ್ಶಿಯಿದ್ದರು. ಕೆಲವೇ ತಿಂಗಳ ಹಿಂದೆ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿಯೂ ಬಂದಿತ್ತು. ಮಂಡಳಿ ತಡೆಯದ್ದನ್ನು ಹೂಡಿಕೆದಾರರು ತಡೆದರು. ಅವರ ಕೋಪಕ್ಕೆ ಹೆದರಿ ಕೆಲವೇ ಗಂಟೆಗಳಲ್ಲಿ ಖರೀದಿ ರದ್ದಾಯಿತು. 2009ರ ಜನವರಿ 7ರಂದು ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ಅವರನ್ನೂ ಇತರ ಒಂಬತ್ತು ಮಂದಿಯನ್ನೂ ಅಪರಾಧಿಗಳೆಂದು ಸಾರಿತು. ಮೇಲ್ಮನವಿಯ ಹಂತದಲ್ಲಿ ಶಿಕ್ಷೆ ಅಮಾನತಾಯಿತು.

ನಿಯಮಗಳಿರಲಿಲ್ಲವೇ? ಇದ್ದವು. 2000ದಲ್ಲೇ ಸೆಬಿ ಸ್ವತಂತ್ರ ನಿರ್ದೇಶಕರು, ಲೆಕ್ಕಪರಿಶೋಧನಾ ಸಮಿತಿ ಇರಬೇಕೆಂಬ ನಿಯಮ ತಂದಿತ್ತು. 2003ರಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರ ಅಧ್ಯಕ್ಷತೆಯ ಸಮಿತಿ ಅದನ್ನು ಬಿಗಿಗೊಳಿಸಲು ಶಿಫಾರಸು ಮಾಡಿತ್ತು. ಈ ನಿಯಮಗಳಿಂದ ಆದ ಪ್ರಯೋಜನವನ್ನೂ ಸಂಶೋಧಕರು ಅಳೆದಿದ್ದಾರೆ. ಧಮ್ಮಿಕ ಧರ್ಮಪಾಲ ಮತ್ತು ವಿಕ್ರಮಾದಿತ್ಯ ಖನ್ನಾ ಸಾವಿರಾರು ಭಾರತೀಯ ಕಂಪನಿಗಳನ್ನು ನೋಡಿ ಕಂಡುಕೊಂಡದ್ದು ಗಮನಾರ್ಹ: 2004ರಲ್ಲಿ ಉಲ್ಲಂಘನೆಗೆ ಭಾರೀ ದಂಡದ ಬೆದರಿಕೆ ಸೇರಿದ ಮೇಲೆ, ನಿಯಮಕ್ಕೆ ಒಳಪಟ್ಟ ಕಂಪನಿಗಳ ಮೌಲ್ಯ ಗಣನೀಯವಾಗಿ ಏರಿತು. ಬೇಲಿ ಹಾಕಿದರಷ್ಟೇ ಸಾಲದು, ಮುಳ್ಳಿರಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡಬೇಕು ಎಂಬುದನ್ನೂ ಯೋಚಿಸಿರಬೇಕು. ಸತ್ಯಂ ಕಲಿಸಿದ ಪಾಠ ಅದು.

ತಾತನ ಪ್ರಶ್ನೆಗೆ ಉತ್ತರ

2013ರ ಹೊಸ ಕಂಪನಿ ಕಾಯ್ದೆ ಇಷ್ಟೆಲ್ಲದರ ಫಲ. ಷೇರುಪೇಟೆಯಲ್ಲಿರುವ ಕಂಪನಿಯ ಮಂಡಳಿಯಲ್ಲಿ ಕನಿಷ್ಠ ಮೂರನೇ ಒಂದರಷ್ಟು ಸ್ವತಂತ್ರ ನಿರ್ದೇಶಕರಿರಬೇಕು. ಸಣ್ಣ ಷೇರುದಾರರು ಒಟ್ಟಾಗಿ ದಾವೆ ಹೂಡಬಹುದು. ಇದರ 166ನೇ ಕಲಮಿನ ಪ್ರಕಾರ ನಿರ್ದೇಶಕರು ಷೇರುದಾರರ ಜೊತೆಗೆ ನೌಕರರು, ಸಮುದಾಯ, ಪರಿಸರ ಇವುಗಳ ಹಿತವನ್ನೂ ನೋಡಬೇಕು. 1932ರಲ್ಲಿ ಡಾಡ್ ಹೂಡಿದ ವಾದ ಎಂಬತ್ತು ವರ್ಷಗಳ ಬಳಿಕ ನಮ್ಮ ಕಾನೂನಿನ ಸಾಲಾಯಿತು.

ತಾತನ ಪ್ರಶ್ನೆಗೆ ಸಂಬಂಧಿಸಿದ್ದು 188ನೇ ಕಲಮು. ಒಡೆಯರ ಬಳಗದ ಕಂಪನಿಗಳೊಡನೆ ನಡೆಸುವ ದೊಡ್ಡ ವ್ಯವಹಾರ ಷೇರುದಾರರ ಮುಂದೆ ಬರಬೇಕು. ಅದರಲ್ಲಿ ಸ್ವಂತ ಹಿತವಿರುವವರ ಓಟು ಅದನ್ನು ಗೆಲ್ಲಿಸುವಂತಿಲ್ಲ. 2014ರ ನವೆಂಬರ್‌ನಲ್ಲಿ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಷೇರುದಾರರು ಇದರ ರುಚಿ ತೋರಿಸಿದರು. ವಿಜಯ ಮಲ್ಯ ಅವರ ಇತರ ಕಂಪನಿಗಳ ಜೊತೆಗಿನ ಕರಾರುಗಳನ್ನು ಒಪ್ಪಿಗೆಗೆ ತಂದಾಗ ಅವುಗಳಲ್ಲಿ ಬಹುಪಾಲನ್ನು ಅವರು ತಿರಸ್ಕರಿಸಿದರು.

ಆದ್ದರಿಂದ ಕಂಪನಿಯ ಯಜಮಾನ ಯಾರು ಎಂದರೆ, ಕಾಗದದ ಮೇಲೆ ಯಾರ ಹೆಸರಿದ್ದರೂ, ಪ್ರಶ್ನೆ ಕೇಳುವವರು ಇಲ್ಲದಾಗ ಲಗಾಮು ಹಿಡಿದವನೇ ಯಜಮಾನ. ವಾರ್ಷಿಕ ವರದಿ ಈಗ ಲಕೋಟೆಯಲ್ಲಿ ಬರುವ ಬದಲು ಬಹುಮಟ್ಟಿಗೆ ಮೊಬೈಲಿಗೇ ಬರುತ್ತದೆ. ಅದರ ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ‘ಸಂಬಂಧಿತ ಪಕ್ಷಗಳೊಡನೆ ವ್ಯವಹಾರ’ ಎಂಬ ಪಟ್ಟಿಯೊಂದಿರುತ್ತದೆ. ಯಾವ ಕಂಪನಿಗೆ ಎಷ್ಟು ಸಾಲ, ಆ ಕಂಪನಿಗೂ ಒಡೆಯರಿಗೂ ಏನು ನಂಟು ಎಂಬುದನ್ನು ಅಲ್ಲಿ ಬರೆಯಲೇಬೇಕು. ತಾತ ಅಂದು ಎದ್ದು ನಿಂತು ಕೇಳಿದ್ದು ಅದನ್ನೇ. ಅವರ ಐವತ್ತು ಷೇರುಗಳು ಈಗ ಅಮ್ಮನ ಹೆಸರಿನಲ್ಲಿವೆ. ಈ ಸಲದ ವರದಿ ಬಂದಾಗ ಆ ಪುಟ ತೆರೆದು ಕೂತಿದ್ದು ನಾನು. ಕೈಯಲ್ಲಿ ಅವರದೇ ಕೆಂಪು ಪೆನ್ಸಿಲ್.